ಗೋಡೆಯ ಮೇಲಿನ ಕಡಲಿಗೆ ಬೆಲೆ ಕಟ್ಟುವ ಬಗೆ

ಸೋಫಾದ ಮೇಲಿನ ಗೋಡೆಯಲ್ಲಿ ಮೂರಡಿ ಅಗಲದ ಕಡಲಚಿತ್ರ. ಬಂಡೆಗೆ ಬಡಿದು ಸಿಡಿಯುವ ಹಸಿರು ತೆರೆ, ಅದರ ಬೆನ್ನಿಗೆ ಕೆಂಪೇರಿದ ಸಂಜೆ, ಬಲಮೂಲೆಯಲ್ಲಿ ಓದಲು ಬಾರದ ಸಹಿ. ತಂದವರು ಈಗ ಇಲ್ಲ, ಬಿಲ್ಲೂ ಸಿಗುವುದಿಲ್ಲ. ಮನೆ ಪಾಲಾಗುವಾಗಲೋ, ವಿಮೆ ಮಾಡಿಸುವಾಗಲೋ, ಮಕ್ಕಳು ಅದನ್ನು ವಿದೇಶಕ್ಕೆ ಒಯ್ಯುತ್ತೇವೆ ಎಂದಾಗಲೋ ಇದರ ಬೆಲೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಆಗ ಕೆಲವರು ಅಂತರ್ಜಾಲದಲ್ಲಿ ಅಂಥದ್ದೇ ಚಿತ್ರಕ್ಕೆ ಲಕ್ಷಗಟ್ಟಲೆ ಬೆಲೆ ಬರೆದಿರುವುದನ್ನು ಕಂಡು ಹಿಗ್ಗುತ್ತಾರೆ. ಇನ್ನು ಕೆಲವರು ‘ಅಲಂಕಾರದ ಚಿತ್ರ ತಾನೆ’ ಎಂದು ಹಳೆ ಸಾಮಾನಿನವರಿಗೆ ಕೊಟ್ಟುಬಿಡುತ್ತಾರೆ. ಎರಡೂ ತಪ್ಪಿಗೆ ಕಾರಣ ಒಂದೇ, ಚಿತ್ರವನ್ನು ಎದುರಿನಿಂದ ಮಾತ್ರ ನೋಡಿರುತ್ತಾರೆ. ಇಂಥ ಚಿತ್ರದ ವಿಷಯದಲ್ಲಿ ಹೆಚ್ಚಿನ ಉತ್ತರ ಅದರ ಬೆನ್ನಲ್ಲಿ, ಅಂಚಿನಲ್ಲಿ, ಬಣ್ಣದ ಪದರದಲ್ಲಿ ಇರುತ್ತದೆ.

ಯಾವ ಬೆಲೆ ಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಒಂದೇ ಚಿತ್ರಕ್ಕೆ ಒಂದೇ ದಿನ ಮೂರು ಬೆಲೆ ಇರಬಹುದು, ಮೂರೂ ಸರಿಯಾಗಿಯೇ ಇರಬಹುದು. ಮಾರಿದರೆ ಕೈಗೆ ಬರುವ ದುಡ್ಡು ಒಂದು. ಬೆಂಕಿಗೋ ನೀರಿಗೋ ಸಿಕ್ಕಿ ಹಾಳಾದರೆ ಅದೇ ಅಳತೆ, ಅದೇ ಮಟ್ಟದ ಇನ್ನೊಂದನ್ನು ಅಂಗಡಿಯಿಂದ ತರಲು ಆಗುವ ಖರ್ಚು ಇನ್ನೊಂದು. ಕೊಳ್ಳುವವರಿಗೂ ಮಾರುವವರಿಗೂ ಅವಸರವಿಲ್ಲದೆ, ಇಬ್ಬರಿಗೂ ವಿಷಯ ಗೊತ್ತಿದ್ದು ಒಪ್ಪುವ ಮೊತ್ತ ಮೂರನೆಯದು. ಪಾಲು ಮಾಡುವಾಗ ಬೇಕಾದದ್ದು ಇದು. ವಿಮೆಗೆ ಎರಡನೆಯದು ಬೇಕು.

ಅಲಂಕಾರದ ಚಿತ್ರಗಳಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ಬಹಳ ದೊಡ್ಡದು. ಪೀಠೋಪಕರಣದ ಮಳಿಗೆಯಲ್ಲಿ ಕೊಟ್ಟ ಹಣದಲ್ಲಿ ಚಿತ್ರದ ಜೊತೆಗೆ ಫ್ರೇಮು, ಸಾಗಣೆ, ಮಳಿಗೆಯ ಬಾಡಿಗೆ, ಲಾಭ ಎಲ್ಲವೂ ಸೇರಿರುತ್ತವೆ. ಮರುಮಾರಾಟದಲ್ಲಿ ಅದ್ಯಾವುದೂ ವಾಪಸು ಬರುವುದಿಲ್ಲ. ಆದ್ದರಿಂದ ‘ನಾವು ಇಷ್ಟಕ್ಕೆ ತಂದಿದ್ದೆವು’ ಎಂಬುದು ಒಂದು ಮಾಹಿತಿಯಷ್ಟೆ, ಅದೇ ಇಂದಿನ ಬೆಲೆಯಲ್ಲ. ಯಾವ ಉದ್ದೇಶಕ್ಕೆ ಬೆಲೆ ಕಟ್ಟುತ್ತಿದ್ದೀರಿ ಎಂಬುದನ್ನು ಕಾಗದದ ಮೇಲೆ ಮೊದಲ ಸಾಲಿನಲ್ಲೇ ಬರೆಯಿರಿ. ವಿಮೆಗೆಂದು ಕಟ್ಟಿದ ಮೊತ್ತವನ್ನು ಹತ್ತು ವರ್ಷದ ಮೇಲೆ ಪಾಲಿನ ಪಂಚಾಯಿತಿಗೆ ತಂದು ಜಗಳವಾಗುವುದು ಈ ಒಂದು ಸಾಲು ಇಲ್ಲದ್ದರಿಂದ.

ಇಳಿಸಿ, ಒರೆಸಬೇಡಿ

ಬೇಕಾಗುವ ಸಾಮಾನು ಕಡಿಮೆ: ಚಿನ್ನದ ಕೆಲಸದವರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ, ಒಳ್ಳೆಯ ಟಾರ್ಚು, ಅಳತೆಯ ಟೇಪು, ಮೆತ್ತನೆಯ ಒಣ ಬ್ರಷ್ಷು, ಮೊಬೈಲ್ ಕ್ಯಾಮೆರಾ. ಸಿಕ್ಕರೆ 365 ನ್ಯಾನೋಮೀಟರ್‌ನ ಅತಿನೇರಳೆ ಟಾರ್ಚು; ಅದನ್ನು ಕತ್ತಲ ಕೋಣೆಯಲ್ಲಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಬಳಸಬೇಕು.

ಚಿತ್ರ ಇಳಿಸಲು ಇಬ್ಬರು ಬೇಕು. ಫ್ರೇಮಿನ ಎರಡು ಪಕ್ಕಗಳನ್ನು ಹಿಡಿಯಿರಿ. ಮೇಲಿನ ಪಟ್ಟಿ ಹಿಡಿದು ಎತ್ತಿದರೆ ಹಳೆಯ ಮೂಲೆಜೋಡಣೆ ಕಳಚಿಕೊಳ್ಳುತ್ತದೆ. ಬೆನ್ನಿನಿಂದ ಕ್ಯಾನ್ವಾಸನ್ನು ಬೆರಳಿನಿಂದ ಒತ್ತಬೇಡಿ. ಈಗ ಆದ ಒಂದು ಒತ್ತುಗುರುತು ಕೆಲವು ವರ್ಷದ ಮೇಲೆ ಮುಂಭಾಗದಲ್ಲಿ ಜೇಡರಬಲೆಯಂಥ ದುಂಡು ಬಿರುಕಾಗಿ ಮೂಡುತ್ತದೆ. ಮಂಚದ ಮೇಲೆ ಶುಚಿಯಾದ ಬಟ್ಟೆ ಹಾಸಿ ಇಡಿ.

ಬೆಲೆ ಕಟ್ಟಿಸುವ ಮೊದಲು ‘ಸ್ವಲ್ಪ ಚೊಕ್ಕ ಮಾಡೋಣ’ ಎಂದು ಕೈಹಾಕುವುದು ಎಲ್ಲಕ್ಕಿಂತ ದುಬಾರಿಯ ತಪ್ಪು. ಒದ್ದೆ ಬಟ್ಟೆಯಿಂದ ಒರೆಸಿದರೆ ನೀರು ಬಿರುಕಿನೊಳಗೆ ಇಳಿದು ಬಣ್ಣದಡಿಯ ಬಿಳಿ ಲೇಪವನ್ನು ಸಡಿಲಿಸುತ್ತದೆ. ಹೊಳಪು ಬರಲೆಂದು ತೆಂಗಿನೆಣ್ಣೆಯನ್ನೋ ಅಗಸೆ ಎಣ್ಣೆಯನ್ನೋ ಸವರಿದರೆ ಅಂದಿಗೆ ಬಣ್ಣ ಎದ್ದು ಕಾಣುತ್ತದೆ, ಆಮೇಲೆ ದೂಳು ಅಂಟಿಕೊಳ್ಳುತ್ತದೆ. ಅಗಸೆ ಎಣ್ಣೆಯಂತೂ ಹಳದಿಯಾಗಿ ಗಟ್ಟಿಕಟ್ಟಿ ಬಿಡಿಸಲು ಬಾರದ ಪದರವಾಗುತ್ತದೆ. ಆಲೂಗಡ್ಡೆ, ಬ್ರೆಡ್ಡು, ಈರುಳ್ಳಿಯ ಉಪಾಯಗಳೂ ಬೇಡ. ಅವುಗಳ ಪಿಷ್ಟ, ಸಕ್ಕರೆ ಬಣ್ಣದ ಮೇಲೆ ಉಳಿದು ಬೂಷ್ಟಿಗೂ ಹುಳಕ್ಕೂ ಊಟವಾಗುತ್ತವೆ. ಬಣ್ಣ ಎಲ್ಲೂ ಏಳದಿದ್ದರೆ ಒಣ ಬ್ರಷ್ಷಿನಿಂದ ದೂಳು ಕೊಡಹಿ, ಅಷ್ಟೇ ಸಾಕು.

ಬೆನ್ನು ಓದಿ

ಹಿಂದೆ ಕಾಗದವೋ ಹಾರ್ಡ್‌ಬೋರ್ಡೋ ಹೊಡೆದಿದ್ದರೆ ಮೊದಲು ಅದರ ಚಿತ್ರ ತೆಗೆದುಕೊಳ್ಳಿ. ಫ್ರೇಮಿನಂಗಡಿಯ ಚೀಟಿ, ಅದರ ಫೋನ್ ಸಂಖ್ಯೆಯಲ್ಲಿ ಎಷ್ಟು ಅಂಕಿ ಎಂಬುದು, ಪೆನ್ಸಿಲ್ಲಿನಲ್ಲಿ ಬರೆದ ಸಂಖ್ಯೆ, ಊರ ಹೆಸರು ಇವೆಲ್ಲ ಕಾಲ ಹೇಳುತ್ತವೆ. ಫ್ರೇಮಿನಂಗಡಿಯ ಚೀಟಿ ಹೇಳುವುದು ಫ್ರೇಮು ಹಾಕಿದ ಕಾಲವನ್ನು, ಚಿತ್ರ ಬರೆದ ಕಾಲವನ್ನಲ್ಲ ಎಂಬುದು ನೆನಪಿರಲಿ.

ಆಮೇಲೆ ಒಳಚೌಕಟ್ಟು. ಮೂಲೆಗಳಲ್ಲಿ ಸಣ್ಣ ಮರದ ಬೆಣೆಗಳಿವೆಯೇ? ಕ್ಯಾನ್ವಾಸು ಸಡಿಲವಾದಾಗ ಬೆಣೆ ತಟ್ಟಿ ಬಿಗಿ ಮಾಡುವ ಏರ್ಪಾಡು ಅದು. ಬೆಣೆಯ ಚೌಕಟ್ಟಿದ್ದರೆ ಮಾಡಿದವರು ಚಿತ್ರ ಬಹಳ ಕಾಲ ಬಾಳಲಿ ಎಂದು ಯೋಚಿಸಿದ್ದಾರೆ ಎಂದರ್ಥ. ನಾಲ್ಕು ಪಟ್ಟಿಗಳನ್ನು ಮೂಲೆಯಲ್ಲಿ ಪಿನ್ನು ಹೊಡೆದು ಜೋಡಿಸಿದ್ದರೆ ಅಗ್ಗದ ತಯಾರಿ. ಆದರೆ ನಮ್ಮಲ್ಲಿ ಎಷ್ಟೋ ಒಳ್ಳೆಯ ಕಲಾವಿದರೂ ಇಂಥ ಪಟ್ಟಿಯನ್ನೇ ಬಳಸಿದ್ದಾರೆ, ಆದ್ದರಿಂದ ಇದೊಂದನ್ನೇ ನೆಚ್ಚಿ ತೀರ್ಪು ಕೊಡುವಂತಿಲ್ಲ. ಕ್ಯಾನ್ವಾಸನ್ನು ಪಕ್ಕದಲ್ಲಿ ಚಿಕ್ಕ ಮೊಳೆಗಳಿಂದ ಬಿಗಿದಿದ್ದರೆ ಹಳೆಯ ಪದ್ಧತಿ. ಹಿಂದಕ್ಕೆ ಮಡಚಿ ಸ್ಟೇಪಲ್ ಪಿನ್ನು ಹೊಡೆದಿದ್ದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಅಥವಾ ಈಚಿನದು. ಒಂದೂವರೆ ಇಂಚು ದಪ್ಪದ ಚೌಕಟ್ಟು, ಅಂಚಿನವರೆಗೂ ಚಿತ್ರ ಮುಂದುವರಿದಿದೆ ಎಂದರೆ ಫ್ರೇಮಿಲ್ಲದೆ ತೂಗುಹಾಕಲು ಮಾಡಿದ ಈಚಿನ ಮಾಲು.

ಬಟ್ಟೆಯ ಬಣ್ಣವನ್ನೂ ಗಮನಿಸಿ. ಲಿನನ್ ವಯಸ್ಸಾದಂತೆ ಕಂದಾಗುತ್ತದೆ. ಹಿಂಭಾಗ ಹಾಲಿನಂತೆ ಬೆಳ್ಳಗಿದ್ದು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಜ್ವಲಿಸಿದರೆ ಅದರಲ್ಲಿ ಬಟ್ಟೆ ಬೆಳ್ಳಗೆ ಹೊಳೆಯಲೆಂದು ಸೇರಿಸುವ ಬಿಳುಪುಕಾರಕ ಇದೆ. ಅಂಥ ಬಟ್ಟೆ 1950ರ ಆಸುಪಾಸಿನ ನಂತರದ್ದು. ‘ಬ್ರಿಟಿಷರ ಕಾಲದ್ದು’ ಎಂಬ ಮಾತು ಅಲ್ಲಿಗೆ ಮುಗಿಯಿತು. ಒಳಚೌಕಟ್ಟಿಗೆ ನಕ್ಷತ್ರತಲೆಯ ಸ್ಕ್ರೂ ಇದ್ದರೆ ಅದು 1930ರ ದಶಕಕ್ಕೆ ಮೊದಲಿನದಲ್ಲ. ಆದರೆ ಸ್ಕ್ರೂ, ಹಿಂಬೋರ್ಡು, ದಾರ ಇವೆಲ್ಲ ಬದಲಾಯಿಸಬಹುದಾದವು. ಚಿತ್ರದೊಂದಿಗೇ ಹುಟ್ಟಿದ್ದು ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ಇಲ್ಲಿಂದಲೇ ಶುರುವಾಗಬೇಕು.

ಮರದಲ್ಲಿ ಗುಂಡುಸೂಜಿ ಗಾತ್ರದ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆಹುಳ ಇನ್ನೂ ಕೆಲಸ ಮಾಡುತ್ತಿದೆ. ಆ ಚಿತ್ರವನ್ನು ಉಳಿದವುಗಳಿಂದ ಬೇರೆ ಇಡಿ.

ಮುದ್ರಣವೋ, ಕೈಯದೋ?

ಬೆಲೆಯ ಮೊದಲ ದೊಡ್ಡ ಕವಲು ಇದು. ಭೂತಗನ್ನಡಿಯನ್ನು ಆಕಾಶದ ತಿಳಿಭಾಗದ ಮೇಲೆ ಹಿಡಿಯಿರಿ, ಬಂಡೆಯ ಕಪ್ಪಿನ ಮೇಲಲ್ಲ. ತಿಳಿಬಣ್ಣದಲ್ಲೇ ಮುದ್ರಣದ ಗುಟ್ಟು ರಟ್ಟಾಗುವುದು. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಹೂವಿನೆಸಳಿನಂತೆ ಕ್ರಮವಾಗಿ ಕೂತಿದ್ದರೆ ಆಫ್‌ಸೆಟ್ ಮುದ್ರಣ. ಕ್ರಮವಿಲ್ಲದೆ ಎರಚಿದಂಥ ಸೂಕ್ಷ್ಮ ಚುಕ್ಕಿಗಳಾದರೆ ಇಂಕ್‌ಜೆಟ್. ಕ್ಯಾನ್ವಾಸಿನ ಮೇಲೆ ಹೀಗೆ ಮುದ್ರಿಸಿದ್ದನ್ನು ‘ಜೀಕ್ಲೇ’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಆ ಹೆಸರು ಚಾಲ್ತಿಗೆ ಬಂದದ್ದೇ 1990ರ ದಶಕದಲ್ಲಿ.

ಮೋಸ ಹೋಗುವುದು ಮೂರನೆಯ ಬಗೆಯಲ್ಲಿ: ಮುದ್ರಿತ ಕ್ಯಾನ್ವಾಸಿನ ಮೇಲೆ ಪಾರದರ್ಶಕ ಜೆಲ್ ಬಳಿದು ಬ್ರಷ್ಷಿನ ಗೀರು ಮೂಡಿಸಿರುತ್ತಾರೆ, ಅಲ್ಲಲ್ಲಿ ನೊರೆಯ ತುದಿಗೆ ನಿಜವಾದ ಬಿಳಿ ಬಣ್ಣವನ್ನೂ ಇಟ್ಟಿರುತ್ತಾರೆ. ಬೆರಳು ಸವರಿದರೆ ಉಬ್ಬುತಗ್ಗು ಸಿಗುತ್ತದೆ, ‘ಕೈಯಲ್ಲಿ ಬರೆದದ್ದೇ’ ಎಂದು ನಂಬಿಕೆ ಬರುತ್ತದೆ. ಪರೀಕ್ಷೆ ಸುಲಭ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚಿತ್ರದ ಪಕ್ಕಕ್ಕೆ ಬಹುತೇಕ ಸಮತಲವಾಗಿ, ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಉಬ್ಬಿದ ಗೀರು ಬಣ್ಣದ ಗೀರಿನ ಜೊತೆಯಲ್ಲೇ ಹೋಗುತ್ತಿದೆಯೇ? ನಿಜವಾದ ಚಿತ್ರದಲ್ಲಿ ಬಣ್ಣ ಬದಲಾದಲ್ಲಿ ಬ್ರಷ್ಷಿನ ಗೀರೂ ತಿರುಗಿರುತ್ತದೆ. ಜೆಲ್ ಬಳಿದದ್ದರಲ್ಲಿ ತೆರೆಯ ಚಿತ್ರ ಒಂದು ಕಡೆ, ಉಬ್ಬುಗೀರು ಇನ್ನೊಂದು ಕಡೆ. ಎರಡಕ್ಕೂ ಸಂಬಂಧವೇ ಇರುವುದಿಲ್ಲ.

ಚಿತ್ರವನ್ನು ಕಿಟಕಿಗೆ ಎದುರಾಗಿ ಎತ್ತಿ ಹಿಂದಿನಿಂದ ಬೆಳಕು ಹಾಯಿಸಿಯೂ ನೋಡಿ. ಕೈಯಲ್ಲಿ ಬರೆದದ್ದಾದರೆ ನೊರೆ, ಬಂಡೆ, ಮೋಡ ಒಂದೊಂದೂ ಒಂದೊಂದು ದಪ್ಪದಲ್ಲಿ ಬೆಳಕನ್ನು ತಡೆಯುತ್ತವೆ. ಮುದ್ರಣ ಎಲ್ಲೆಡೆ ಒಂದೇ ಸಮನಾಗಿ ಸೋರುತ್ತದೆ.

ಮುದ್ರಣ ಎಂದು ಖಚಿತವಾದರೆ ಲೆಕ್ಕ ಬೇಗ ಮುಗಿಯುತ್ತದೆ. ಸಂಖ್ಯೆ ಹಾಕಿ ಕಲಾವಿದರೇ ಪೆನ್ಸಿಲ್ಲಿನಲ್ಲಿ ಸಹಿ ಮಾಡಿದ ಸೀಮಿತ ಪ್ರತಿಯಲ್ಲದಿದ್ದರೆ ಮರುಮಾರಾಟದ ಬೆಲೆ ನಗಣ್ಯ. ವಿಮೆಗೆ ಅದೇ ಅಳತೆಯ ಮುದ್ರಣ ಮತ್ತು ಫ್ರೇಮಿನ ಈಗಿನ ದರ ಹಾಕಿ. ಹಳೆಯ ಓಲಿಯೋಗ್ರಾಫ್ ಇದಕ್ಕೆ ಅಪವಾದ. ಕಲ್ಲಚ್ಚಿನಲ್ಲಿ ಹಲವು ಬಣ್ಣ ಮುದ್ರಿಸಿ, ವಾರ್ನಿಶ್ ಬಳಿದು, ಕ್ಯಾನ್ವಾಸಿನ ನೇಯ್ಗೆಯ ಹಾಗೆ ಒತ್ತಿದ ಕಾಗದ ಅದು. ರವಿವರ್ಮರ ಮುದ್ರಣಾಲಯ 1894ರಿಂದ ಮನೆಮನೆಗೆ ಮುಟ್ಟಿಸಿದ ದೇವರ ಪಟಗಳ ತಂತ್ರವೂ ಇದೇ. ಅದನ್ನು ಹಳೆಯ ಮುದ್ರಣಗಳ ಸಂಗ್ರಾಹಕರು ಬೇರೆಯಾಗಿಯೇ ನೋಡುತ್ತಾರೆ.

ಒಬ್ಬರ ಕೈಯೋ, ಸಾಲುಕೆಲಸವೋ?

ಕೈಯಲ್ಲೇ ಬರೆದದ್ದು ಎಂದಾದ ಮೇಲೂ ಒಂದು ಕವಲಿದೆ. ಸೋಫಾದ ಮೇಲಿನ ಕಡಲಚಿತ್ರ ಜಗತ್ತಿನಾದ್ಯಂತ ದೊಡ್ಡ ಉದ್ಯಮ. ಚೀನಾದ ಶೆನ್‌ಝೆನ್ ಬಳಿಯ ದಾಫೆನ್ ಎಂಬ ಹಳ್ಳಿಗೆ 1989ರಲ್ಲಿ ಹಾಂಗ್‌ಕಾಂಗ್‌ನಿಂದ ಹುವಾಂಗ್ ಜಿಯಾಂಗ್ ಎಂಬ ವ್ಯಾಪಾರಿ ಕೆಲವು ಚಿತ್ರಕಾರರೊಂದಿಗೆ ಬಂದು ನೆಲೆಸಿದ ಮೇಲೆ ಅಲ್ಲಿ ಸಾವಿರಾರು ಕುಂಚಗಳ ಒಂದು ಪೇಟೆಯೇ ಬೆಳೆಯಿತು. ಅಂಥ ಕಡೆ ಒಬ್ಬರು ಸಾಲಾಗಿ ನಿಲ್ಲಿಸಿದ ಕ್ಯಾನ್ವಾಸುಗಳಿಗೆಲ್ಲ ಆಕಾಶ ಬಳಿದು ಹೋದರೆ ಇನ್ನೊಬ್ಬರು ಬಂಡೆ, ಮತ್ತೊಬ್ಬರು ನೊರೆ ಇಡುವ ಪದ್ಧತಿಯೂ ಇದೆ. ದುಡಿದವರ ಕೈಚಳಕ ಸಣ್ಣದಲ್ಲ, ಅದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಅದೇ ಚಿತ್ರ ನೂರಾರು ಮನೆಗಳಲ್ಲಿ ಇರುವಾಗ ಬೆಲೆ ಮೇಲೇರುವುದಿಲ್ಲ.

ಹೊಳೆಯುವ ಹಸಿರು ತೆರೆಗೂ ಒಂದು ವಂಶಾವಳಿ ಇದೆ. ಕ್ರಿಮಿಯಾದ ಇವಾನ್ ಐವಾಝೋವ್ಸ್ಕಿ (1817–1900) ತೆರೆಯ ತೆಳು ನೆತ್ತಿಯ ಮೂಲಕ ಬೆಳಕು ಹಾಯುವುದನ್ನು ಬರೆದು ಹೆಸರಾದವರು. ಅವರ ‘ಒಂಬತ್ತನೆಯ ಅಲೆ’ 1850ರದು. ಅಮೆರಿಕದ ಫ್ರೆಡರಿಕ್ ವಾ (1861–1940) ಬಂಡೆಗೆ ಬಡಿಯುವ ತೆರೆಯನ್ನೇ ಮತ್ತೆ ಮತ್ತೆ ಬರೆದರು. ಇಂಥವರ ಮಾದರಿ ಅಚ್ಚಿನಿಂದ ಅಚ್ಚಿಗೆ, ನಕಲಿನಿಂದ ನಕಲಿಗೆ ಇಳಿದು ನಮ್ಮ ಹಾಲಿನ ಗೋಡೆಗೆ ಬಂದಿದೆ. ಹಿನ್ನೆಲೆಯಲ್ಲಿ ಪೈನ್ ಮರ, ಕಡಿದಾದ ಬಂಡೆಗೋಡೆ, ಕಲ್ಲಿನ ದೀಪಸ್ತಂಭ ಇದ್ದು ಕೆಳಗೆ ಭಾರತೀಯ ಹೆಸರಿನ ಸಹಿ ಇದ್ದರೆ ಯಾವುದೋ ಮುದ್ರಿತ ಚಿತ್ರ ನೋಡಿ ಬರೆದ ಸಾಧ್ಯತೆ ಹೆಚ್ಚು. ನಕಲೇ ಹೌದೋ ಎಂದು ತಿಳಿಯಲು ಚಿತ್ರದ ಫೋಟೋ ತೆಗೆದು ಅಂತರ್ಜಾಲದಲ್ಲಿ ಚಿತ್ರದಿಂದಲೇ ಹುಡುಕಿ. ಎಡಬಲ ತಿರುಗಿಸಿದ ಫೋಟೋ ಹಾಕಿಯೂ ಒಮ್ಮೆ ಹುಡುಕಿ. ನಕಲುಗಾರರು ಎಷ್ಟೋ ಸಲ ಕನ್ನಡಿಯ ಬಿಂಬದಂತೆ ತಿರುಗಿಸಿ ಬರೆದಿರುತ್ತಾರೆ.

ಕಡಲನ್ನು ಕಡಲಾಗಿ ಪರೀಕ್ಷಿಸಿ

ಸಹಿ ಓದಲು ಬಾರದಿದ್ದರೂ ಬರೆದವರಿಗೆ ಸಮುದ್ರ ಗೊತ್ತಿತ್ತೇ ಎಂಬುದನ್ನು ಚಿತ್ರವೇ ಹೇಳುತ್ತದೆ. ಹೆಸರಿಲ್ಲದ ಚಿತ್ರಕ್ಕೆ ಬೆಲೆ ತರುವುದು ಈ ಅರಿವೇ, ಆದ್ದರಿಂದ ಇಲ್ಲಿ ಅವಸರ ಬೇಡ.

ದಿಗಂತದಿಂದ ಶುರುಮಾಡಿ. ಅದು ನೇರವಾಗಿ, ಮಟ್ಟವಾಗಿ ಇರಬೇಕು. ಎರಡೂ ಅಂಚಿನಲ್ಲಿ ಕ್ಯಾನ್ವಾಸಿನ ಮೇಲಂಚಿನಿಂದ ಟೇಪು ಹಿಡಿದು ಅಳೆಯಿರಿ. ನಡುವೆ ಬಂಡೆಯೋ ತೆರೆಯೋ ಅಡ್ಡ ಬಂದಾಗ ಎಡಗಡೆಯ ದಿಗಂತ, ಬಲಗಡೆಯ ದಿಗಂತ ಒಂದೇ ಗೆರೆಗೆ ಕೂಡದಿದ್ದರೆ ಬರೆದ ಕೈ ಅವಸರದ್ದು. ದಿಗಂತವೆಂದರೆ ನೋಡುವವರ ಕಣ್ಣಿನ ಮಟ್ಟ. ದಂಡೆಯ ಮರಳಿನಲ್ಲಿ ನಿಂತು ನೋಡಿದಂತೆ ಬರೆದ ಚಿತ್ರದಲ್ಲಿ, ಆಳೆತ್ತರಕ್ಕಿಂತ ಎತ್ತರದ ಪಟಸ್ತಂಭವಿರುವ ದೋಣಿ ಎಷ್ಟೇ ದೂರವಿದ್ದರೂ ಅದರ ತುದಿ ದಿಗಂತದ ಗೆರೆಯನ್ನು ದಾಟಲೇಬೇಕು. ಹಾಯಿದೋಣಿ ಪೂರ್ತಿಯಾಗಿ ದಿಗಂತದ ಕೆಳಗೇ ತೇಲುತ್ತಿದ್ದು, ನೋಡುವ ಜಾಗ ಗುಡ್ಡದ ಮೇಲಿನದೂ ಅಲ್ಲದಿದ್ದರೆ ಆ ದೋಣಿಯನ್ನು ಖಾಲಿ ಜಾಗ ತುಂಬಲೆಂದು ಆಮೇಲೆ ಇಟ್ಟಿದ್ದಾರೆ.

ಸೂರ್ಯನ ಬೆಳಕಿನ ಹಾದಿ ನೀರಿನ ಮೇಲೆ ಸೂರ್ಯನ ನೇರ ಕೆಳಗೆ ನೋಡುವವರ ಕಡೆಗೆ ಬರುತ್ತದೆ, ಓರೆಯಾಗಿ ಹರಿಯುವುದಿಲ್ಲ. ಸೂರ್ಯ ಎಡಕ್ಕಿದ್ದು ಹೊಳಪು ಬಲಕ್ಕೆ ಜಾರಿದ್ದರೆ ತಪ್ಪು. ತೆರೆಯ ಹಸಿರು ಹೊಳಪು ಬರುವುದು ನೀರು ತೆಳುವಾದ ನೆತ್ತಿಯಲ್ಲಿ, ಅದೂ ಬೆಳಕು ಹಿಂದಿನಿಂದ ಬಂದಾಗ. ಬುಡದಲ್ಲೂ ಅಷ್ಟೇ ಹೊಳಪು ಬಳಿದಿದ್ದರೆ ಬರೆದವರು ಬಣ್ಣವನ್ನು ಕಂಠಪಾಠ ಮಾಡಿದ್ದಾರೆ. ನೊರೆಯನ್ನು ಗಮನಿಸಿ: ಏರುವ ತೆರೆಯ ಮೈಮೇಲೆ ಅದು ಹರಿದ ಬಲೆಯಂತೆ ಎಳೆದುಕೊಂಡು, ತೆರೆಯ ಬಾಗಿಗೆ ತಕ್ಕಂತೆ ಬಾಗುತ್ತದೆ, ನೆರಳಿನಲ್ಲಿರುವ ನೊರೆ ಬಿಳಿಯಲ್ಲ, ನೀಲಿಬೂದು. ಬೀಸಣಿಗೆ ಬ್ರಷ್ಷಿನಿಂದ ಕುಟ್ಟಿದ ಒಂದೇ ಬಿಳಿಯ ಚುಕ್ಕಿಗಳು ಸಾಲುಕೆಲಸದ ಗುರುತು. ಬಂಡೆಯ ಒದ್ದೆ ಭಾಗ ಕಪ್ಪಾಗಿ, ಒಣ ಭಾಗ ತಿಳಿಯಾಗಿ, ನಡುವೆ ನೀರಿನ ಗೆರೆ ಕಾಣಬೇಕು. ಬಾವುಟ ಒಂದು ಕಡೆ, ಉಬ್ಬಿದ ಹಾಯಿ ಇನ್ನೊಂದು ಕಡೆ ಹೋಗಿದ್ದರೆ ಗಾಳಿಯ ಲೆಕ್ಕ ತಪ್ಪಿದೆ. ದಂಡೆಗೆ ಬರುವ ತೆರೆ ಮಾತ್ರ ಗಾಳಿಯ ದಿಕ್ಕಿಗೇ ಇರಬೇಕೆಂದಿಲ್ಲ. ಆಳ ಕಡಿಮೆಯಾದಂತೆ ತೆರೆಗಳು ತಿರುಗಿ ದಂಡೆಗೆ ಸಮಾನಾಂತರವಾಗುತ್ತವೆ. ಅದನ್ನು ತಪ್ಪೆಂದು ಬರೆಯಬೇಡಿ.

ನಮ್ಮ ಕರಾವಳಿಯ ಚಿತ್ರವೆಂದು ಹಿಂದೆ ಬರೆದಿದ್ದರೆ ಊರಿನೊಂದಿಗೆ ತಾಳೆ ನೋಡಿ. ಕಾರವಾರದಿಂದ ಮಂಗಳೂರಿನವರೆಗೆ ಕಡಲಿರುವುದು ಪಡುವಣಕ್ಕೆ. ನೀರಿಗೆ ಇಳಿಯುವ ಸೂರ್ಯ ಸಂಜೆಯವನೇ. ‘ಮಲ್ಪೆಯ ಮುಂಜಾವು’ ಎಂದು ಹೆಸರಿಟ್ಟು ಕಡಲಿನಿಂದ ಸೂರ್ಯನನ್ನು ಏಳಿಸಿದ್ದರೆ ಬರೆದವರು ಅಲ್ಲಿ ನಿಂತು ನೋಡಿದವರಲ್ಲ. ಸೇಂಟ್ ಮೇರೀಸ್ ದ್ವೀಪದ ಬಂಡೆಗಳು ನಿಲ್ಲಿಸಿದ ಕಂಬಗಳಂತೆ ಪಟ್ಟಿಪಟ್ಟಿಯಾಗಿ ಇವೆ, ಗುಂಡುಕಲ್ಲುಗಳಲ್ಲ. ಮಳೆಗಾಲದ ನಮ್ಮ ಕಡಲು ಹೊಳೆಗಳ ಕೆಸರು ಸೇರಿ ಕಂದುಬೂದಿ. ಅದನ್ನು ಹಾಗೆಯೇ ಬರೆದ ಒಂದು ಪುಟ್ಟ ಚಿತ್ರ, ಹೊಳೆಯುವ ಹಸಿರಿನ ದೊಡ್ಡ ಚಿತ್ರಕ್ಕಿಂತ ಬೆಲೆಯುಳ್ಳದ್ದಾಗಿರುವುದು ಅಪರೂಪವಲ್ಲ.

ಸಹಿ ಮತ್ತು ವಯಸ್ಸು

ಸಹಿಯನ್ನು ಓದುವ ಮೊದಲು ಅದು ಕೂತಿರುವ ರೀತಿ ನೋಡಿ. ಚಿತ್ರದ ಬಣ್ಣ ಒಣಗುವ ಮೊದಲೇ ಬರೆದ ಸಹಿ ಅಡಿಬಣ್ಣವನ್ನು ಸ್ವಲ್ಪ ಎಳೆದುಕೊಂಡಿರುತ್ತದೆ. ಹಳೆಯ ಬಿರುಕಿನೊಳಗೆ ಸಹಿಯ ಬಣ್ಣ ಇಳಿದಿದ್ದರೆ ಬಿರುಕು ಬಿಟ್ಟ ಮೇಲೆ ಸೇರಿಸಿದ್ದಾರೆ. ಅತಿನೇರಳೆ ಬೆಳಕಿನಲ್ಲಿ ಹಳೆಯ ರಾಳದ ವಾರ್ನಿಶ್ ಹಸಿರುಹಳದಿಯಾಗಿ ಮಿನುಗುತ್ತದೆ. ಅದರ ಮೇಲೆ ಸಹಿ ಕಪ್ಪಾಗಿ ತೇಲಿದರೆ ಅದು ವಾರ್ನಿಶ್‌ನ ಮೇಲಿನದು. ಆಮೇಲೆ ತಿದ್ದಿದ ಜಾಗಗಳೂ ಹೀಗೆಯೇ ಕಪ್ಪು ಮಚ್ಚೆಗಳಾಗಿ ಕಾಣುತ್ತವೆ.

ಸಾಲುಕೆಲಸದ ಚಿತ್ರಗಳಲ್ಲಿ ಪಾಶ್ಚಾತ್ಯ ಹೆಸರಿನ ಸಹಿ ಎಷ್ಟೋ ಸಲ ವ್ಯಾಪಾರಿ ಇಟ್ಟ ಹೆಸರಷ್ಟೇ. ಆ ಹೆಸರಿನ ಚಿತ್ರಕಾರ ಇರಲೇಬೇಕೆಂದಿಲ್ಲ. ಪರಿಚಿತ ಹೆಸರು ಕಂಡರೆ ಇನ್ನಷ್ಟು ಎಚ್ಚರ ಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ (1911–1996) ದೇಶದ ದೊಡ್ಡ ಚಿತ್ರಕಾರರಲ್ಲಿ ಒಬ್ಬರು; ಆದರೆ ಹೆಬ್ಬಾರ್ ಎಂಬ ಮನೆತನದ ಹೆಸರು ಕರಾವಳಿಯಲ್ಲಿ ಸಾವಿರಾರು ಮಂದಿಗಿದೆ. ಸಹಿಯೊಂದೇ ಸಾಲದು. ಯಾರಿಂದ, ಯಾವಾಗ, ಹೇಗೆ ಕೈಗೆ ಬಂತು ಎಂಬ ಸರಪಳಿ ಬೇಕು: ಪ್ರದರ್ಶನದ ಕೈಪಿಡಿ, ರಸೀದಿ, ಪತ್ರ, ಹಳೆಯ ಮನೆಫೋಟೋದಲ್ಲಿ ಗೋಡೆಯ ಮೇಲೆ ಅದೇ ಚಿತ್ರ. ಮದುವೆ ಆಲ್ಬಮ್ಮುಗಳನ್ನು ತಿರುವಿ ನೋಡಿ. ತಾರೀಖು ಗೊತ್ತಿರುವ ಫೋಟೋದ ಹಿನ್ನೆಲೆಯಲ್ಲಿ ಚಿತ್ರ ಸಿಕ್ಕರೆ ಅದು ಗಟ್ಟಿ ಸಾಕ್ಷಿ.

ವಯಸ್ಸಿನ ಬಗ್ಗೆ ಎರಡು ಮಾತು. ಟೈಟಾನಿಯಂ ಬಿಳಿ ಚಿತ್ರಕಾರರಿಗೆ ಸಿಗತೊಡಗಿದ್ದು 1920ರ ಆಸುಪಾಸಿನಲ್ಲಿ, ಥ್ಯಾಲೋ ನೀಲಿ ಮಾರುಕಟ್ಟೆಗೆ ಬಂದದ್ದು 1935ರಲ್ಲಿ, ನೀರಿನಲ್ಲಿ ಕಲಸುವ ಅಕ್ರಿಲಿಕ್ 1950ರ ದಶಕದ ನಡುವಿನಲ್ಲಿ. ಹತ್ತೊಂಬತ್ತನೆಯ ಶತಮಾನದ್ದು ಎನ್ನುವ ಚಿತ್ರದ ಮೂಲ ನೊರೆಯೆಲ್ಲ ಟೈಟಾನಿಯಂ ಎಂದು ಪ್ರಯೋಗಾಲಯ ಹೇಳಿದರೆ ಆ ಮಾತು ಬಿದ್ದುಹೋಗುತ್ತದೆ. ಕಣ್ಣಳತೆಯಲ್ಲಿ ಇದನ್ನು ಹೇಳಲಾಗದು, ಹತ್ತಿಯಲ್ಲಿ ಥಿನ್ನರ್ ಅದ್ದಿ ಉಜ್ಜಿ ನೋಡುವ ಪರೀಕ್ಷೆಯನ್ನಂತೂ ಮಾಡಲೇಬೇಡಿ.

ಹಾನಿಯ ಲೆಕ್ಕ

ಬಿರುಕುಗಳೆಲ್ಲ ಒಂದೇ ಅಲ್ಲ. ವಯಸ್ಸಿನ ಬಿರುಕು ಸೂಕ್ಷ್ಮವಾಗಿ, ಬಲೆಯಂತೆ, ಅಡಿಲೇಪದವರೆಗೆ ಇಳಿದಿರುತ್ತದೆ. ಒಳಪದರ ಒಣಗುವ ಮೊದಲೇ ಮೇಲೆ ಬಣ್ಣ ಹಚ್ಚಿದಾಗ ಆಗುವ ಬಿರುಕು ಅಗಲವಾಗಿ, ಬಾಯಿಬಿಟ್ಟು, ಅಡಿಯ ಬಣ್ಣ ತೋರಿಸುತ್ತದೆ. ಅವಸರದ ಕಡಲಚಿತ್ರಗಳ ಕಪ್ಪು ಬಂಡೆಗಳಲ್ಲಿ ಇದು ಸಾಮಾನ್ಯ. ಅಂಚಿಗೆ ಸಮಾನಾಂತರವಾಗಿ ಒಂದೆರಡು ಇಂಚು ಒಳಗೆ ಗೆರೆ ಕಂಡರೆ ಸಡಿಲ ಕ್ಯಾನ್ವಾಸು ಒಳಪಟ್ಟಿಗೆ ತಾಗಿ ಆದದ್ದು. ಬಿರುಕಿಗಿಂತ ಮುಖ್ಯವಾದದ್ದು ಬಣ್ಣ ಏಳುತ್ತಿದೆಯೇ ಎಂಬುದು. ಓರೆ ಬೆಳಕಿನಲ್ಲಿ ಚಕ್ಕೆಗಳ ಅಂಚು ಮೇಲಕ್ಕೆ ಬಾಗಿದ್ದರೆ ಚಿತ್ರವನ್ನು ಮುಖ ಮೇಲೆ ಮಾಡಿ ಮಲಗಿಸಿಟ್ಟು ಸಂರಕ್ಷಣಾ ತಜ್ಞರನ್ನು ಕೇಳಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ.

ಹರಿದ ಜಾಗ ಎಲ್ಲಿದೆ ಎಂಬುದಕ್ಕೂ ಬೆಲೆಯಿದೆ. ಬಂಡೆಯಲ್ಲಿನ ಒಂದಿಂಚು ಹರಕನ್ನು ಸರಿಮಾಡಿದರೆ ಗೊತ್ತಾಗುವುದಿಲ್ಲ. ಅದೇ ಹರಕು ಆಕಾಶದಲ್ಲಿದ್ದರೆ, ನಯವಾಗಿ ಬದಲಾಗುವ ಬಣ್ಣದಲ್ಲಿ ತೇಪೆ ಎದ್ದು ಕಾಣುತ್ತದೆ, ಕಡಿತ ಹೆಚ್ಚು.

ಬಣ್ಣಕ್ಕೆ 45ರಿಂದ 55 ಶೇಕಡಾ ತೇವಾಂಶ ಹಿತ. ಕರಾವಳಿಯ ಮಳೆಗಾಲದಲ್ಲಿ ಅದು 85 ದಾಟುವುದು ಮಾಮೂಲು. ಹಾಗಾಗಿ ಅಲ್ಲಿನ ಮನೆಗಳ ಚಿತ್ರದಲ್ಲಿ ಬೆನ್ನಿನ ಬೂಷ್ಟು, ಜೋಲು ಬಿದ್ದ ಕ್ಯಾನ್ವಾಸು ಇವನ್ನೇ ಮೊದಲು ಹುಡುಕಿ. ದೇವರ ಕೋಣೆಯ ಪಕ್ಕದ ಗೋಡೆಯದಾದರೆ ದೀಪ, ಊದುಬತ್ತಿಯ ಮಸಿ ಪದರವಾಗಿರುತ್ತದೆ. ಅದು ತಜ್ಞರು ತೆಗೆಯಬಲ್ಲ ಕೊಳೆ, ದೊಡ್ಡ ಕಡಿತ ಬೇಡ.

ಮೊತ್ತಕ್ಕೆ ಬರುವುದು

ಅಳತೆಯನ್ನು ಫ್ರೇಮಿಲ್ಲದೆ, ಎತ್ತರ ಮೊದಲು ಅಗಲ ಆಮೇಲೆ ಬರೆಯಿರಿ. ಈಗ ಹೋಲಿಕೆ ಹುಡುಕಿ. ಕೇಳಿದ ಬೆಲೆ ಬೇಡ, ಮಾರಿಹೋದ ಬೆಲೆ ಬೇಕು. ಹೆಸರುಳ್ಳ ಭಾರತೀಯ ಕಲಾವಿದರಿಗೆ ಸ್ಯಾಫ್ರನ್‌ಆರ್ಟ್, ಆಸ್ತಗುರು, ಪುಂಡೋಲೆಯಂಥ ಹರಾಜು ಸಂಸ್ಥೆಗಳ ಹಿಂದಿನ ಫಲಿತಾಂಶ ಸಿಗುತ್ತದೆ. ಅದರಲ್ಲಿ ಕೊಳ್ಳುವವರ ಕಮಿಷನ್ ಸೇರಿದೆಯೇ ನೋಡಿಕೊಳ್ಳಿ. ಸ್ಥಳೀಯ ಕಲಾವಿದರದಾದರೆ ಅವರನ್ನೋ ಅವರ ಗ್ಯಾಲರಿಯನ್ನೋ ಕೇಳಿ. ಪ್ರತಿ ವರ್ಷ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಒಂದು ದಿನ ಅಡ್ಡಾಡಿದರೆ ಸಮುದ್ರದ ಚಿತ್ರಗಳು ಯಾವ ಅಳತೆಗೆ ಎಷ್ಟಕ್ಕೆ ಕೈಬದಲಾಗುತ್ತಿವೆ ಎಂಬ ಅಂದಾಜು ಬರುತ್ತದೆ.

ಲೆಕ್ಕದ ರೀತಿ ತೋರಿಸಲು ಕಲ್ಪಿತ ಅಂಕಿಗಳನ್ನು ಹಾಕೋಣ. ನಿಮ್ಮದು 24×36 ಇಂಚಿನ, ಕೈಯಲ್ಲಿ ಬರೆದ, ಹೆಸರಿಲ್ಲದ ಸಾಲುಕೆಲಸದ ಚಿತ್ರ. ಅಂದರೆ 864 ಚದರ ಇಂಚು. ಅಂಥವೇ ಮೂರು ಮಾರಾಟ ಸಿಕ್ಕಿವೆ: 18×24ರದು 4,000 ರೂಪಾಯಿ, 24×36ರದು 6,500, 30×40ರದು 8,000. ಚದರ ಇಂಚಿಗೆ ಸುಮಾರು 9.25, 7.50, 6.65 ರೂಪಾಯಿ ಬೀಳುತ್ತದೆ. ದೊಡ್ಡದಾದಂತೆ ಇಂಚಿನ ದರ ಇಳಿಯುತ್ತದೆ, ಆದ್ದರಿಂದ ಚಿಕ್ಕದರ ದರವನ್ನು ದೊಡ್ಡದಕ್ಕೆ ಗುಣಿಸಿದರೆ ಬೆಲೆ ಉಬ್ಬುತ್ತದೆ. ಹತ್ತಿರದ ಅಳತೆಯ 6,500 ಹಿಡಿಯಿರಿ. ಆಕಾಶದ ಹರಕಿನ ದುರಸ್ತಿಗೆ 1,500 ಆಗುವುದಾದರೆ ಅದನ್ನಷ್ಟೇ ಅಲ್ಲ, ತೇಪೆ ಹಾಕಿದ ಚಿತ್ರಕ್ಕೆ ಕೊಳ್ಳುವವರು ಹಿಂಜರಿಯುವುದಕ್ಕೂ ಸ್ವಲ್ಪ ಕಳೆಯಿರಿ. 4,000ದಿಂದ 4,500 ಎಂದು ವ್ಯಾಪ್ತಿಯಾಗಿ ಬರೆಯುವುದು ಪ್ರಾಮಾಣಿಕ.

ಫ್ರೇಮನ್ನು ಬೇರೆ ಸಾಲಿನಲ್ಲಿ ಹಾಕಿ. 24×36ಕ್ಕೆ ಸುತ್ತಳತೆ 10 ಅಡಿ ಎಂದುಕೊಂಡರೆ ಅಂಗಡಿಯ ಲೆಕ್ಕ ಹೊಂದುವುದಿಲ್ಲ. ಮೂಲೆಗಳನ್ನು ಓರೆಯಾಗಿ ಕತ್ತರಿಸುವುದರಿಂದ ಪಟ್ಟಿಯ ಅಗಲದ ಎಂಟು ಪಟ್ಟು ಹೆಚ್ಚು ಬೇಕು; ಎರಡೂವರೆ ಇಂಚಿನ ಪಟ್ಟಿಗೆ 20 ಇಂಚು ಸೇರಿ ಸುಮಾರು 12 ಅಡಿ. ಸಾಲುಕೆಲಸದ ಚಿತ್ರದಲ್ಲಿ ಒಳ್ಳೆಯ ತೇಗದ ಫ್ರೇಮು ಚಿತ್ರಕ್ಕಿಂತ ಹೆಚ್ಚು ಬೆಲೆಯದ್ದಾಗಿರಬಹುದು.

ಕಾಗದಪತ್ರ

ಒಂದು ಪುಟದ ಟಿಪ್ಪಣಿ ಸಾಕು: ಉದ್ದೇಶ, ತಾರೀಖು, ಅಳತೆ, ಮಾಧ್ಯಮ, ಸಹಿ ಇರುವ ಜಾಗ, ಬೆನ್ನಿನ ಬರಹ, ಹಾನಿ, ಹೋಲಿಸಿದ ಮಾರಾಟಗಳು, ಮೊತ್ತ. ಕಲಾವಿದರು ಖಚಿತವಿಲ್ಲದಿದ್ದರೆ ‘ಇಂಥವರದು’ ಎನ್ನದೆ ‘ಇಂಥ ಸಹಿ ಇದೆ’ ಎಂದಷ್ಟೇ ಬರೆಯಿರಿ. ಮುಂಭಾಗ, ಬೆನ್ನು, ಸಹಿ, ನಾಲ್ಕು ಮೂಲೆ, ಪ್ರತಿ ಹಾನಿಯ ಫೋಟೋ ಇರಲಿ. ಫ್ಲ್ಯಾಶ್ ಇಲ್ಲದೆ, ನೆರಳಿನ ಹಗಲುಬೆಳಕಿನಲ್ಲಿ.

2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಮನೆವಿಮೆಯಲ್ಲಿ ಚಿತ್ರ, ಕಲಾಕೃತಿಗಳನ್ನು ಒಪ್ಪಿದ ಮೌಲ್ಯದ ಮೇಲೆ ಐಚ್ಛಿಕವಾಗಿ ಸೇರಿಸಬಹುದು. ಸೇರಿಸದಿದ್ದರೆ ಮನೆಸಾಮಾನಿನ ವಿಮೆ ತಾನಾಗಿ ಅದನ್ನು ಕಾಯುತ್ತದೆ ಎಂದು ನಂಬಿ ಕೂರಬೇಡಿ. ಮೌಲ್ಯಮಾಪನ ಪತ್ರ ಯಾವ ಮೊತ್ತದಿಂದ ಮೇಲೆ ಬೇಕು ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಆದಾಯ ತೆರಿಗೆಯಲ್ಲಿ ಚಿತ್ರ ಸ್ವಂತ ಬಳಕೆಯ ಸಾಮಾನಿನ ವಿನಾಯಿತಿಗೆ ಸೇರುವುದಿಲ್ಲ, ಮಾರಿದ ಲಾಭಕ್ಕೆ ತೆರಿಗೆ ಬೀಳುತ್ತದೆ. ಆದ್ದರಿಂದ ಹಳೆಯ ರಸೀದಿ ಎಸೆಯಬೇಡಿ.

ವಿದೇಶಕ್ಕೆ ಒಯ್ಯುವುದಾದರೆ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ ಅಡ್ಡ ಬರಬಹುದು. ನೂರು ವರ್ಷ ದಾಟಿದ ಚಿತ್ರವನ್ನು ಖಾಸಗಿಯಾಗಿ ಹೊರಗೆ ಕಳಿಸುವಂತಿಲ್ಲ. ರವಿವರ್ಮ, ನಿಕೋಲಸ್ ರೋರಿಕ್, ಅಮೃತಾ ಶೇರ್‌ಗಿಲ್ ಸೇರಿ ಒಂಬತ್ತು ಕಲಾವಿದರ ಕೃತಿಗಳು ವಯಸ್ಸು ಎಷ್ಟಾದರೂ ಕಲಾನಿಧಿಗಳೇ. ನಿಮ್ಮದು ಹಳೆಯದರಂತೆ ಕಾಣುವ ಹೊಸ ಚಿತ್ರವಾದರೂ ಕಸ್ಟಮ್ಸ್‌ನಲ್ಲಿ ತಡೆಯಬಹುದು. ಹೊರಡುವ ಬಹಳ ದಿನ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ.

ಮತ್ತೆ ತೂಗುಹಾಕುವಾಗ ಮಳೆ ಹೊಡೆಯುವ ಪಡುವಣ ಗೋಡೆ ಬೇಡ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಬಣ್ಣಕ್ಕೆ ತಾಗುವಂತೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲಿಡಬೇಡಿ. ಸೆಕೆಗೆ ಮೆತ್ತಗಾದ ಬಣ್ಣದ ಮೇಲೆ ಗುಳ್ಳೆಗಳ ದುಂಡುಗುರುತು ಕೂತರೆ ಆಮೇಲೆ ಹೋಗುವುದಿಲ್ಲ.